ಹಳೆಯ ಜಪಾನಿ ಸೋರ್ಸ್ ಕೋಡ್ ಓದಲು ಯಾವ ಸಾಧನ? ಬಳಸಿ ನೋಡಿದ ಹೋಲಿಕೆ

ಸಿ ಭಾಷೆಯ ಒಂದು ಸಾಲು ಕಣ್ಣೆದುರೇ ಇತ್ತು, ಆದರೆ ಅದು ಕೆಲಸ ಮಾಡುತ್ತಿರಲಿಲ್ಲ. ಜಪಾನಿನ ಗ್ರಾಹಕರೊಬ್ಬರು ವಿಂಡೋಸ್‌ಗಾಗಿ ಬರೆಸಿದ್ದ ಹಳೆಯ ಪ್ರೋಗ್ರಾಮನ್ನು ನಾವು ಬೆಂಗಳೂರಿನಲ್ಲಿ ಕುಳಿತು ಲಿನಕ್ಸ್‌ಗೆ ತರುತ್ತಿದ್ದೆವು. ಎಣಿಕೆಯನ್ನು ಸೊನ್ನೆಗೆ ತರುವ ಆ ಸಾಲನ್ನು, ಸಿ ಬರಹವನ್ನು ಯಂತ್ರದ ಆಜ್ಞೆಗಳಾಗಿಸುವ ಜಿಸಿಸಿ ಕಂಪೈಲರ್ ಕಾಣದಂತೆ ದಾಟಿಹೋಗುತ್ತಿತ್ತು. ಎರಡು ದಿನ ಹುಡುಕಿದ ಮೇಲೆ ಕಾರಣ ಅದರ ಮೇಲಿನ ಕಮೆಂಟಿನಲ್ಲಿ, ಅಂದರೆ ಓದುವವರಿಗಾಗಿ ಬರೆದ, ಕಂಪೈಲರ್ ಬಿಟ್ಟುಬಿಡುವ ಟಿಪ್ಪಣಿಯಲ್ಲಿ, ಸಿಕ್ಕಿತು. ಕಮೆಂಟಿನ ಕೊನೆಯ ಅಕ್ಷರ ‘ಹ್ಯೋ’ ಎಂಬ ಕಾಂಜಿ, ಅಂದರೆ ಚೀನೀ ಮೂಲದ ಜಪಾನಿ ಅಕ್ಷರ. ಕೋಷ್ಟಕ ಎಂದು ಅರ್ಥ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿಯೇ ಎನ್‌ಕೋಡಿಂಗ್. ಜಪಾನಿಯ ಹಳೆಯ ಶಿಫ್ಟ್-ಜೆಐಎಸ್ ಎನ್‌ಕೋಡಿಂಗ್‌ನಲ್ಲಿ ಆ ಕಾಂಜಿಗೆ ಎರಡು ಬೈಟ್, ಹದಿನಾರರ ಎಣಿಕೆಯಲ್ಲಿ 95 ಮತ್ತು 5ಸಿ. ಈ 5ಸಿ ಇಂಗ್ಲಿಷ್ ಅಕ್ಷರಗಳ ಎನ್‌ಕೋಡಿಂಗ್ ಆದ ಆಸ್ಕಿಯಲ್ಲಿ ಬ್ಯಾಕ್‌ಸ್ಲ್ಯಾಶ್ (\). ಸಾಲಿನ ತುದಿಯಲ್ಲಿ ಬ್ಯಾಕ್‌ಸ್ಲ್ಯಾಶ್ ಕಂಡರೆ ಕಂಪೈಲರ್ ಮುಂದಿನ ಸಾಲನ್ನೂ ಅದಕ್ಕೇ ಜೋಡಿಸುತ್ತದೆ. ಹೀಗೆ ಕಮೆಂಟು ಕೆಳಗಿನ ಆಜ್ಞೆಯನ್ನು ನುಂಗಿತ್ತು. ಎಚ್ಚರಿಕೆಗಳನ್ನು ತೋರಿಸಲು ಹೇಳಿದ್ದರೆ ಜಿಸಿಸಿ ಇದನ್ನು ಹೇಳಿಯೇ ಹೇಳುತ್ತದೆ. ಕಂಪೈಲರನ್ನು ಓಡಿಸುವ ನಮ್ಮ ಮೇಕ್‌ಫೈಲ್ ಅವನ್ನೆಲ್ಲ ಮುಚ್ಚಿಟ್ಟಿತ್ತು.

ಜಪಾನಿನ ಪ್ರೋಗ್ರಾಮರುಗಳು ಇಂಥವನ್ನು ‘ದಾಮೆ ಮೊಜಿ’, ಅಂದರೆ ಕೆಲಸಕ್ಕೆ ಬಾರದ ಅಕ್ಷರ, ಎಂದು ಕರೆಯುತ್ತಾರೆ. ಜಪಾನಿಯ ಇನ್ನೊಂದು ಲಿಪಿಯಾದ ಕತಕಾನದ ‘ಸೋ’, ಸಾಮರ್ಥ್ಯ ಎಂಬರ್ಥದ ಕಾಂಜಿ ‘ನೋ’ ಕೂಡ 5ಸಿಯಲ್ಲೇ ಮುಗಿಯುತ್ತವೆ. ಆ ಘಟನೆಯ ನಂತರ ಎಲ್ಲ ಕಡತಗಳನ್ನೂ ಯುನಿಕೋಡಿನ ಎನ್‌ಕೋಡಿಂಗ್ ಆದ ಯುಟಿಎಫ್-8ಕ್ಕೆ ತರುವುದೆಂದು ತೀರ್ಮಾನಿಸಿ, ಕೈಗೆ ಸಿಕ್ಕ ಸಾಧನಗಳನ್ನು ಒಂದೊಂದಾಗಿ ಅದೇ ಕಡತಗಳ ಮೇಲೆ ಪ್ರಯೋಗಿಸಿದೆ.

ಲಿನಕ್ಸ್‌ನ ‘ಫೈಲ್’ ಆಜ್ಞೆ ಶಿಫ್ಟ್-ಜೆಐಎಸ್ ಕಡತವನ್ನು ಐಎಸ್‌ಒ ಅಲ್ಲದ ವಿಸ್ತೃತ ಆಸ್ಕಿ ಎಂದಿತು. ಯುನಿಕ್ಸ್ ಕಡೆಯಿಂದ ಬಂದ, ಇಯುಸಿ-ಜೆಪಿ ಎಂಬ ಇನ್ನೊಂದು ಜಪಾನಿ ಎನ್‌ಕೋಡಿಂಗ್‌ನ ಕಡತವನ್ನು ಜಪಾನಿಯದಲ್ಲದ ಐಎಸ್‌ಒ-8859 ಎಂದಿತು. ಎರಡೂ ಬೇರೆ ಎನ್ನುವಷ್ಟು ತಿಳಿಯಿತು, ಅದಕ್ಕಿಂತ ಹೆಚ್ಚಿಲ್ಲ.

ಮೊಜಿಲ್ಲಾದ ವಿಧಾನವನ್ನು ಅನುಸರಿಸುವ ಯುಚಾರ್‌ಡೆಟ್, ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂಬ ಲೆಕ್ಕದಿಂದ ಎನ್‌ಕೋಡಿಂಗನ್ನು ಊಹಿಸುತ್ತದೆ. ಪುಟಗಟ್ಟಲೆ ಜಪಾನಿ ಇದ್ದರೆ ಸೊಗಸಾಗಿ ಹೇಳುತ್ತದೆ. ಆದರೆ ಹೆಡರ್ ಕಡತದಲ್ಲಿ ಜಪಾನಿ ಇರುವುದು ನಾಲ್ಕೈದು ಅಕ್ಷರ ಮಾತ್ರ, ಉಳಿದದ್ದೆಲ್ಲ ಆಸ್ಕಿ. ಅಲ್ಲಿ ಅದರ ಊಹೆಯನ್ನು ನಾನು ನಂಬುವುದಿಲ್ಲ.

ಎನ್‌ಕೆಎಫ್ 1987ರಷ್ಟು ಹಳೆಯದು, ಜಪಾನಿ ಬರಹದ ಎನ್‌ಕೋಡಿಂಗ್ ಬದಲಿಸಲೆಂದೇ ಮಾಡಿದ್ದು. ಹಳೆಯ ಎನ್‌ಕೋಡಿಂಗ್‌ಗಳಲ್ಲಿ ಅದು ಹುಡುಕುವುದು ಜಪಾನಿಯವನ್ನು ಮಾತ್ರ, ಹಾಗಾಗಿ ಗುರುತಿಸುವುದರಲ್ಲಿ ನನಗೆ ಸಿಕ್ಕವುಗಳಲ್ಲೆಲ್ಲ ಇದೇ ಮೇಲು. ಪರಿವರ್ತನೆಗೂ ಇದನ್ನೇ ಬಳಸಿದೆ, ತಪ್ಪಾಯಿತು. ಹಳೆಯ ಯಂತ್ರಗಳಿಗಾಗಿ ಅರ್ಧ ಅಗಲದ ಕತಕಾನ ಎಂಬ ಒಂದು ಬೈಟಿನ ಅಕ್ಷರಮಾಲೆ ಇದೆ. ಎನ್‌ಕೆಎಫ್ ಕೇಳದೆಯೇ ಅವನ್ನೆಲ್ಲ ಪೂರ್ಣ ಅಗಲದ ಅಕ್ಷರಗಳನ್ನಾಗಿ ಬದಲಿಸುತ್ತದೆ. ಕಮೆಂಟಿನಲ್ಲಾದರೆ ಚಿಂತೆಯಿಲ್ಲ. ಯಂತ್ರದಿಂದ ಬರುವ ಸಂದೇಶದೊಡನೆ ಹೋಲಿಸಿ ನೋಡುವ ಸ್ಟ್ರಿಂಗ್‌ನಲ್ಲಾದರೆ ಹೋಲಿಕೆ ಇನ್ನೆಂದೂ ಸರಿಹೊಂದುವುದಿಲ್ಲ. ಸಣ್ಣಕ್ಷರದ ಎಕ್ಸ್ ಆಯ್ಕೆ ಕೊಟ್ಟರೆ ಅದು ಸುಮ್ಮನಿರುತ್ತದೆ. ಹೇಳದಿದ್ದರೆ ಇಮೇಲ್‌ಗಾಗಿ ಸಂಕೇತಗಳಾಗಿಸಿದ ಮೈಮ್ ಬರಹವನ್ನೂ ಬಿಡಿಸಿಬಿಡುತ್ತದೆ. ಅದನ್ನು ತಡೆಯಲು ಎಂ ಸೊನ್ನೆ ಎಂಬ ಆಯ್ಕೆ ಬೇಕು.

ಎನ್‌ಕೋಡಿಂಗ್ ಬದಲಿಸುವ ಇನ್ನೊಂದು ಸಾಧನ ಐಕಾನ್ವ್ ಊಹಿಸುವುದೇ ಇಲ್ಲ. ನೀವು ಹೇಳಿದ್ದನ್ನು ಮಾತ್ರ ನಂಬುತ್ತದೆ, ಹೊಂದದ ಬೈಟ್ ಸಿಕ್ಕೊಡನೆ ಜಾಗ ತೋರಿಸಿ ನಿಲ್ಲುತ್ತದೆ. ಸೋರ್ಸ್ ಕೋಡಿಗೆ ಈ ಹಠವೇ ಬೇಕು. ಆದರೆ ಹೆಸರು ಸರಿಯಾಗಿ ಹೇಳಬೇಕು. ಶಿಫ್ಟ್-ಜೆಐಎಸ್ ಎಂದು ಕೊಟ್ಟಾಗ ವೃತ್ತದೊಳಗಿನ ಒಂದು, ಎರಡು ಎಂಬ ಅಂಕಿಗಳ ಬಳಿ ನಿಂತಿತು. ಅವು ಮೂಲ ಪಟ್ಟಿಯಲ್ಲಿಲ್ಲ. ಮೈಕ್ರೋಸಾಫ್ಟ್ ವಿಸ್ತರಿಸಿದ ಸಿಪಿ932ರಲ್ಲಿವೆ. ಇನ್ನೂ ದೊಡ್ಡ ಅಪಾಯ ಮ್ಯಾಕ್‌ನಲ್ಲಿ ಎದುರಾಯಿತು. ಜಪಾನಿನ ಹಳೆಯ ಮಾನಕದಲ್ಲಿ 5ಸಿಯ ಜಾಗದಲ್ಲಿರುವುದು ಯೆನ್ ಚಿಹ್ನೆ. ಅಲ್ಲಿನ ಐಕಾನ್ವ್‌ಗೆ ಆಧಾರವಾಗಿದ್ದ ಗ್ನೂ ಲಿಬ್‌ಐಕಾನ್ವ್ ಆ ಮಾನಕಕ್ಕೆ ನಿಷ್ಠವಾಗಿ ಪ್ರತಿಯೊಂದು ಬ್ಯಾಕ್‌ಸ್ಲ್ಯಾಶನ್ನೂ ಯೆನ್ ಮಾಡುತ್ತದೆ. ಬ್ಯಾಕ್‌ಸ್ಲ್ಯಾಶ್‌ನಿಂದ ಶುರುವಾಗುವ ಹೊಸ ಸಾಲಿನ ಗುರುತುಗಳೆಲ್ಲ ಹಾಳು! ಸಿಪಿ932 ಎಂದು ಕೊಟ್ಟ ಮೇಲೆ ಎರಡೂ ತೊಂದರೆ ಹೋದವು.

ಓದಲು ಮಾತ್ರವಾದರೆ ವಿಮ್ ಎಂಬ ಎಡಿಟರ್ ನನಗೆ ಪ್ರಿಯ. ಕೊಟ್ಟ ಎನ್‌ಕೋಡಿಂಗ್ ಪಟ್ಟಿಯನ್ನು ಅನುಕ್ರಮವಾಗಿ ಪ್ರಯತ್ನಿಸಿ, ಮೊದಲು ದೋಷವಿಲ್ಲದೆ ಓದಿದ್ದನ್ನು ಒಪ್ಪುತ್ತದೆ. ಅನುಕ್ರಮದಲ್ಲೇ ತೊಡಕು: ಇಯುಸಿ-ಜೆಪಿ ಮೊದಲಿದ್ದರೆ, ಅರ್ಧ ಅಗಲದ ಕತಕಾನ ಜೋಡಿಜೋಡಿಯಾಗಿ ಬಂದ ಶಿಫ್ಟ್-ಜೆಐಎಸ್ ಕಡತವೂ ಅದರಲ್ಲಿ ದೋಷವಿಲ್ಲದೆ ಓದಿಸಿಕೊಳ್ಳುತ್ತದೆ, ಅರ್ಥವಿಲ್ಲದ ಕಾಂಜಿಗಳಾಗಿ. ಜಪಾನಿ ಬಲ್ಲ ಸಹೋದ್ಯೋಗಿ ಪಕ್ಕದಲ್ಲಿದ್ದುದರಿಂದ ಇದು ತಿಳಿಯಿತು.

ವಿಎಸ್ ಕೋಡ್ ಎಡಿಟರ್ ಎಲ್ಲರ ಮೇಜಿನಲ್ಲೂ ಇದೆ, ಅದಕ್ಕೇ ಹೆಚ್ಚು ಭಯ. ಬೇರೆ ಹೇಳದಿದ್ದರೆ ಎಲ್ಲವನ್ನೂ ಯುಟಿಎಫ್-8 ಎಂದೇ ತೆರೆಯುತ್ತದೆ, ಓದಲಾಗದ ಬೈಟ್‌ಗಳ ಜಾಗದಲ್ಲಿ ಪ್ರಶ್ನಾರ್ಥಕ ವಜ್ರವನ್ನು ತೋರಿಸುತ್ತದೆ. ಆ ಸ್ಥಿತಿಯಲ್ಲಿ ಯಾರಾದರೂ ಒಂದು ಸ್ಪೇಸ್ ಸೇರಿಸಿ ಉಳಿಸಿದರೆ ವಜ್ರಗಳೇ ಕಡತಕ್ಕೆ ಹೋಗುತ್ತವೆ, ಮೂಲ ಬೈಟ್‌ಗಳು ಹೋದವು. ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಎನ್‌ಕೋಡಿಂಗ್ ಬದಲಿಸಿ ಮತ್ತೆ ತೆರೆಯುವ ಸೌಲಭ್ಯ ಚೆನ್ನಾಗಿದೆ. ಅದನ್ನು ಉಳಿಸುವ ಮೊದಲೇ ಬಳಸಬೇಕು.

ಕೊನೆಗೆ ನಾನು ನೆಚ್ಚಿಕೊಂಡದ್ದು ಎರಡರ ಜೋಡಿಯನ್ನು: ಗುರುತಿಸಲು ಎನ್‌ಕೆಎಫ್, ಪರಿವರ್ತಿಸಲು ಐಕಾನ್ವ್. ಪರಿವರ್ತಿಸಿದ್ದನ್ನು ಮತ್ತೆ ಸಿಪಿ932ಕ್ಕೆ ತಂದು ಮೂಲದೊಡನೆ ಬೈಟ್ ಬೈಟ್ ಹೋಲಿಸಿದೆ. ಕೆಲವು ಕಡತ ಮಾತ್ರ ಹೊಂದಲಿಲ್ಲ. ಸಿಪಿ932ರಲ್ಲಿ ‘ಏಕೆಂದರೆ’ ಎಂಬ ಮೂರು ಚುಕ್ಕೆಯ ಗಣಿತ ಚಿಹ್ನೆಯಂಥವಕ್ಕೆ ಒಂದಕ್ಕಿಂತ ಹೆಚ್ಚು ಸಂಕೇತಗಳಿವೆ, ಮರಳುವಾಗ ಒಂದೇ ಉಳಿಯುತ್ತದೆ. ಅವನ್ನು ಕಣ್ಣಿಂದ ನೋಡಿ ಬಿಟ್ಟೆ.

ಇದೇ ಉತ್ಸಾಹದಲ್ಲಿ, ಹಿಂದೆ ನುಡಿ ತಂತ್ರಾಂಶದಲ್ಲಿ ಕನ್ನಡ ಕಮೆಂಟು ಬರೆದಿದ್ದ ನನ್ನದೇ ಪ್ರೋಗ್ರಾಮುಗಳನ್ನೂ ತೆರೆದೆ. ಮೇಲಿನ ಒಂದು ಸಾಧನವೂ ನೆರವಾಗಲಿಲ್ಲ. ಅಲ್ಲಿ ಬೈಟ್‌ಗಳು ಅಕ್ಷರಗಳನ್ನಲ್ಲ, ಫಾಂಟಿನ ಆಕಾರದ ತುಂಡುಗಳನ್ನು ಹೇಳುತ್ತವೆ. ಒತ್ತಕ್ಷರ, ಅರ್ಕಾವತ್ತುಗಳನ್ನು ಹಿಂದುಮುಂದು ಮಾಡಿ ಜೋಡಿಸಬೇಕು. ಅದಕ್ಕೆ ನುಡಿಯಿಂದ ಯುನಿಕೋಡ್‌ಗೆ ತರುವ ಪರಿವರ್ತಕವನ್ನೇ ಬಳಸಬೇಕಾಯಿತು, ಅದೂ ಕಮೆಂಟುಗಳನ್ನು ಮಾತ್ರ ಬೇರೆ ತೆಗೆದು. ಇಡೀ ಕಡತವನ್ನು ಕೊಟ್ಟರೆ ಕೋಡಿನ ಇಂಗ್ಲಿಷ್ ಅಕ್ಷರಗಳೂ ಕನ್ನಡವಾಗಿ ಹೊರಬರುತ್ತವೆ.