ಎಂಜಿಬಿ ಹೀಟರ್ ಕೋರ್: ನಾಲ್ಕು ಚಳಿಗಾಲದ ನಂತರ

ನನ್ನದು 1971ರ ಎಂಜಿಬಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಈ ಮಾಡೆಲ್‌ನ ಮೊದಮೊದಲ ಕಾರುಗಳಲ್ಲಿ ಹೀಟರ್ ಬೇಕೆಂದರೆ ಬೇರೆ ದುಡ್ಡು ಕೊಡಬೇಕಿತ್ತು. ನನ್ನ ಕಾರಿನಲ್ಲಿ ಹೀಟರ್ ಏನೋ ಇತ್ತು. ಆನ್ ಮಾಡಿದರೆ ಒಂಥರಾ ಸಿಹಿ ವಾಸನೆ ಬರುತ್ತಿತ್ತು, ಮುಂದಿನ ಗಾಜಿನ ಒಳಗಡೆ ಜಿಡ್ಡು ಮಂಜು ಕೂರುತ್ತಿತ್ತು. ಬಟ್ಟೆಯಲ್ಲಿ ಒರೆಸಿದಷ್ಟೂ ಹರಡುತ್ತಿತ್ತು. ಕಾಲಡಿಯ ಕಾರ್ಪೆಟ್ ಒದ್ದೆ. ಹೀಟರ್ ಕೋರ್ (ಎಂಜಿನ್ ತಂಪಾಗಿಡುವ ಕೂಲೆಂಟ್ ಬಿಸಿಯಾಗಿ ಹರಿಯುವ, ಹೀಟರ್ ಒಳಗಿನ ಪುಟ್ಟ ರೇಡಿಯೇಟರ್) ಸೋರುತ್ತಿದೆ ಅಂತ ತಿಳಿಯಲು ಇನ್ನೇನು ಬೇಕು?

ಕೋರ್‌ಗೆ ಹೋಗುವ, ವಾಪಸ್ ಬರುವ ಎರಡು ಹೋಸ್‌ಗಳನ್ನು ಒಂದಕ್ಕೊಂದು ಸೇರಿಸಿ, ಹೀಟರ್ ಇಲ್ಲದೆಯೇ ಒಂದಷ್ಟು ದಿನ ಓಡಿಸಿದೆ. ಆಮೇಲೆ ತಾಮ್ರ-ಹಿತ್ತಾಳೆಯ ಹೊಸ ಕೋರ್, ಅದಕ್ಕೆ ಬಿಸಿ ನೀರು ಬಿಡುವ-ನಿಲ್ಲಿಸುವ ಹೊಸ ವಾಲ್ವ್, ಫೋಮ್ ಸೀಲ್‌ಗಳ ಕಿಟ್ ಮೂರನ್ನೂ ತರಿಸಿದೆ. ಅಲ್ಯುಮಿನಿಯಂ ಕೋರ್ ಕೂಡ ಸಿಗುತ್ತಿತ್ತು, ಹಗುರ. ಆದರೆ ಮುಂದೆ ಸೋರಿದರೆ ತಾಮ್ರಕ್ಕೆ ಸುಲಭವಾಗಿ ಬೆಸುಗೆ ಹಾಕಿಸಬಹುದು. ಹಳೇ ಕಾರಿಗೆ ಅದೇ ಮುಖ್ಯ, ಅಲ್ವಾ?

ಹೀಟರ್ ಡಬ್ಬ ಬಾನೆಟ್ ಕೆಳಗೆ, ಎಂಜಿನ್ ಹಿಂದೆಯೇ ಕೂತಿದೆ. ನೋಡಿದರೆ ನಾಲ್ಕು ಸ್ಕ್ರೂ ಬಿಚ್ಚಿದರೆ ಬಂದುಬಿಡುತ್ತೆ ಅನ್ನಿಸುತ್ತದೆ. ಬರುವುದಿಲ್ಲ. ಕಾರಿನ ಒಳಗಿನಿಂದ ಕೇಬಲ್ ಬಿಚ್ಚಬೇಕು, ಗಾಜಿಗೆ ಗಾಳಿ ಹೋಗುವ ಕೊಳವೆ ತೆಗೆಯಬೇಕು. ಕಾಲಿಡುವ ಜಾಗದಲ್ಲಿ ತಲೆಯಿಟ್ಟು, ಕಾಲನ್ನು ಸೀಟಿನ ಮೇಲೆ ಹಾಕಿ ಮಲಗಿ ಮಾಡುವ ಕೆಲಸ ಇದು. ಒಂದೇ ದಿನದಲ್ಲಿ ಮುಗಿಸುತ್ತೇನೆ ಅಂತ ಹೊರಟಿದ್ದೆ, ಮೂರು ದಿನ ಹಿಡಿಯಿತು. ಒಂದು ಮಾತು: ಅಂಟಿಕೊಂಡ ಹಳೇ ಹೋಸ್ ಅನ್ನು ತಿರುಚಿ ಎಳೆಯಬೇಡಿ, ಕೋರ್‌ನ ಪೈಪೇ ಕಿತ್ತು ಬರುತ್ತದೆ. ಹೋಸನ್ನು ಉದ್ದಕ್ಕೆ ಕುಯ್ದು ಸುಲಿದುಬಿಡಿ.

ಡಬ್ಬ ತೆರೆದಾಗಲೇ ಗೊತ್ತಾಗಿದ್ದು. ಸೋರಿಕೆಗೆ ಕೋರ್ ಕಾರಣ, ಸರಿ. ಆದರೆ ಸೋರುವುದಕ್ಕೂ ವರ್ಷಗಳ ಮುಂಚೆಯಿಂದ ಕಾರು ಬೆಚ್ಚಗಾಗದೆ ಇದ್ದದ್ದಕ್ಕೆ ಕಾರಣ ಫೋಮ್. ಮುಟ್ಟಿದರೆ ಪುಡಿ. ಕೋರ್ ಸುತ್ತ ಬೆರಳು ತೂರುವಷ್ಟು ಸಂದಿ. ಗಾಳಿ ಬಿಸಿ ಕೋರ್ ಒಳಗೆ ಹಾಯದೆ ಪಕ್ಕದಲ್ಲೇ ನುಸುಳಿ ತಣ್ಣಗೇ ಹೊರಗೆ ಬರುತ್ತಿತ್ತು. ತರಿಸಿದ ಮೂರರಲ್ಲಿ ಎಲ್ಲಕ್ಕಿಂತ ಅಗ್ಗದ ವಸ್ತು ಅದು! ಒಳಗಿನ ತುಕ್ಕು ಉಜ್ಜಿ, ಬಣ್ಣ ಹೊಡೆದು, ಫೋಮ್ ಅಂಟಿಸಿಯೇ ಕೋರ್ ಕೂರಿಸಿದೆ.

ಎಲ್ಲ ಜೋಡಿಸಿ ಎಂಜಿನ್ ಸ್ಟಾರ್ಟ್ ಮಾಡಿದರೆ ಮತ್ತೆ ತಣ್ಣನೆ ಗಾಳಿ. ಆ ಸಂಜೆ ಕಾರನ್ನೇ ಮಾರಿಬಿಡೋಣ ಅನ್ನಿಸಿತ್ತು. ಕೋರ್‌ನಲ್ಲಿ ಗಾಳಿ ಸಿಕ್ಕಿಕೊಂಡಿತ್ತು ಅಷ್ಟೇ. ಎಂಜಿನ್ ಪೂರ್ತಿ ಆರಿದ ಮೇಲೆ ಮೂತಿ ಎತ್ತರಕ್ಕೆ ನಿಲ್ಲಿಸಿ, ವಾಲ್ವ್ ಪೂರ್ತಿ ತೆರೆದು, ವಾಪಸ್ ಬರುವ ಹೋಸ್ ಬಿಚ್ಚಿ ಅಲ್ಲಿಂದಲೇ ಕೂಲೆಂಟ್ ತುಂಬಿಸಿದೆ. ಸರಿಹೋಯಿತು. ಜೊತೆಗೆ, ಹಿಂದಿನ ಮಾಲೀಕರು ಹಾಕಿಸಿದ್ದ, 74 ಡಿಗ್ರಿಗೇ ತೆರೆದು ನೀರನ್ನು ರೇಡಿಯೇಟರ್‌ಗೆ ಬಿಡುವ ಥರ್ಮೋಸ್ಟಾಟ್ ತೆಗೆದು 88 ಡಿಗ್ರಿಯದು ಹಾಕಿದೆ. ನೀರೇ ಬಿಸಿಯಾಗದಿದ್ದರೆ ಹೀಟರ್ ಪಾಪ ಏನು ಮಾಡೀತು.

ನಾಲ್ಕು ಚಳಿಗಾಲ ಕಳೆದರೂ ಕೋರ್ ಒಂದು ಹನಿ ಸೋರಿಲ್ಲ. ಎರಡು ವರ್ಷಕ್ಕೊಮ್ಮೆ ಕೂಲೆಂಟ್ ಬದಲಿಸುತ್ತೇನೆ, ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ. ಚೆಲ್ಲಿದ್ದನ್ನು ತಕ್ಷಣ ತೊಳೆಯುತ್ತೇನೆ. ಸಿಹಿ ಅಂತ ನಾಯಿ ಬೆಕ್ಕು ನೆಕ್ಕುತ್ತವೆ, ಅದು ವಿಷ.

ವಾಲ್ವ್ ಬಗ್ಗೆ ಮಾತ್ರ ಒಳ್ಳೆ ಮಾತು ಹೇಳಲಾರೆ. ಎರಡನೇ ಚಳಿಗಾಲದಲ್ಲೇ ಸೋರಿತು, ಸುಮ್ನೆ ದುಡ್ಡು ದಂಡ. ಪುಣ್ಯಕ್ಕೆ ಅದು ಎಂಜಿನ್ ಹೆಡ್‌ನ ಹಿಂಬದಿಯಲ್ಲಿ, ಕೈಗೆ ಸಿಗುವ ಹಾಗೆ ಇದೆ. ಎರಡು ನಟ್ ಬಿಚ್ಚಿ, ಗ್ಯಾಸ್ಕೆಟ್ ಬದಲಿಸಿ, ಬೇರೆ ಕಡೆಯಿಂದ ತಂದ ವಾಲ್ವ್ ಹಾಕಿದೆ. ಅದಿನ್ನೂ ಗಟ್ಟಿಯಾಗಿದೆ. ಈಗ ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಹೀಟರ್ ನಾಬ್ ಅತ್ತಿತ್ತ ತಿರುಗಿಸುತ್ತೇನೆ, ವಾಲ್ವ್ ಹಿಡಿದುಕೊಳ್ಳದಿರಲಿ ಅಂತ.

ಕೋರ್‌ಗೆ ಐದು ಸ್ಟಾರ್, ಫೋಮ್‌ಗೂ ಐದು. ಮೊದಲ ವಾಲ್ವ್‌ಗೆ ಒಂದು, ಅದೂ ಜಾಸ್ತಿಯೇ.