ವ್ಯಾನ್ ಗೋ ಮ್ಯೂಸಿಯಂ: ಟಿಕೆಟಿನಿಂದ ಮೂರನೆಯ ಮಹಡಿಯವರೆಗೆ

ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋನ ಕೃತಿಗಳಿರುವ ಆಮ್‌ಸ್ಟರ್‌ಡ್ಯಾಮ್‌ನ ವ್ಯಾನ್ ಗೋ ಮ್ಯೂಸಿಯಂಗೆ ಹೋಗಬೇಕೆಂದಿರುವವರು ಮೊದಲು ತಿಳಿದಿರಬೇಕಾದದ್ದು, ಅದರ ಬಾಗಿಲಲ್ಲಿ ಟಿಕೆಟ್ ಮಾರುವುದಿಲ್ಲ ಎಂಬುದು. ಟಿಕೆಟನ್ನು ಆನ್‌ಲೈನ್‌ನಲ್ಲೇ ಕೊಳ್ಳಬೇಕು, ಮತ್ತು ಕೊಳ್ಳುವಾಗಲೇ ದಿನದ ಜೊತೆಗೆ ಒಳಹೋಗುವ ಹೊತ್ತನ್ನೂ ಆರಿಸಿಕೊಳ್ಳಬೇಕು. ಇದು ಗೊತ್ತಿಲ್ಲದೆ ಮ್ಯೂಸಿಯಂಪ್ಲೈನ್ ಚೌಕದವರೆಗೆ ಬಂದು, ಗಾಜಿನ ಪ್ರವೇಶಮಂಟಪದ ಎದುರು ನಿಂತು ಫೋನ್ ತೆರೆದು, ಆ ದಿನದ ಸಮಯವೆಲ್ಲ ಭರ್ತಿಯಾಗಿರುವುದನ್ನು ಕಂಡು ಹಿಂದಿರುಗುವ ಪ್ರವಾಸಿಗರಿಗೇನೂ ಕೊರತೆಯಿಲ್ಲ. ವ್ಯವಸ್ಥೆ ಬಿಗಿಯೆನಿಸಿದರೂ ನನ್ನ ದೃಷ್ಟಿಯಲ್ಲಿ ಅದು ಸರಿಯಾದದ್ದೇ, ಏಕೆಂದರೆ ಟಿಕೆಟ್ ಕೈಯಲ್ಲಿದ್ದವರು ಹೊರಗೆ ಬಿಸಿಲು ಮಳೆಯಲ್ಲಿ ಗಂಟೆಗಟ್ಟಲೆ ಸರದಿ ನಿಲ್ಲಬೇಕಾಗಿಲ್ಲ. ಆದರೆ ಅದು ನೀಗಿಸುವುದು ಬಾಗಿಲಿನ ನೂಕುನುಗ್ಗಲನ್ನು ಮಾತ್ರ, ಚಿತ್ರಗಳ ಮುಂದಿನದನ್ನಲ್ಲ.

ದೊಡ್ಡವರಿಗೆ ಟಿಕೆಟಿನ ದರ ಸುಮಾರು 25 ಯೂರೋ. 18 ವರ್ಷದೊಳಗಿನವರಿಗೆ ಪ್ರವೇಶ ಉಚಿತವಾದರೂ ಅವರ ಹೆಸರಿಗೂ ಸಮಯ ಕಾಯ್ದಿರಿಸಲೇಬೇಕು. ಮಕ್ಕಳಿಗೆ ಉಚಿತವಲ್ಲವೇ ಎಂದು ಬಿಟ್ಟುಬಿಡುವಂತಿಲ್ಲ. ಭಾರತದಿಂದ ಹಣ ಕಟ್ಟುವವರು ತಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ವಹಿವಾಟಿನ ಸೌಲಭ್ಯವನ್ನು ಮೊದಲೇ ಚಾಲೂ ಮಾಡಿಕೊಂಡಿರುವುದು ಒಳ್ಳೆಯದು, ಏಕೆಂದರೆ ಹೊಸ ಕಾರ್ಡುಗಳಲ್ಲಿ ಅದು ಸಾಮಾನ್ಯವಾಗಿ ಬಂದ್ ಆಗಿಯೇ ಇರುತ್ತದೆ. ನಗರದ ಹಲವು ಮ್ಯೂಸಿಯಂಗಳಿಗೆ ನಡೆಯುವ ‘ಐ ಆಮ್‌ಸ್ಟರ್‌ಡ್ಯಾಮ್’ ಕಾರ್ಡ್ ಇಲ್ಲಿ ನಡೆಯುವುದಿಲ್ಲ. ದೋಣಿವಿಹಾರದ ಜೊತೆ ಸೇರಿಸಿ ಮಾರುವ ಮಧ್ಯವರ್ತಿಗಳ ಟಿಕೆಟ್ ದುಬಾರಿ. ಮ್ಯೂಸಿಯಂನ ಸ್ವಂತ ವೆಬ್‌ಸೈಟಿನಲ್ಲಿ ಜಾಗವಿರುವಾಗ ಅದನ್ನು ಕೊಳ್ಳಲು ಕಾರಣವೇ ಇಲ್ಲ. ಆಮ್‌ಸ್ಟೆಲ್‌ವೇನ್, ಐಂಡ್‌ಹೋವನ್ ಕಡೆ, ಅಂದರೆ ನೆದರ್‌ಲ್ಯಾಂಡ್ಸಿನಲ್ಲೇ ನೆಲೆಸಿರುವ ಕನ್ನಡಿಗರಿಗಾದರೆ ದೇಶದ ಹಲವು ಮ್ಯೂಸಿಯಂಗಳಿಗೆ ನಡೆಯುವ ವಾರ್ಷಿಕ ಕಾರ್ಡ್ ‘ಮ್ಯೂಸಿಯಂಕಾರ್ಟ್’ ಲಾಭದಾಯಕ, ಆದರೆ ಆ ಕಾರ್ಡಿರುವವರೂ ಸಮಯ ಕಾಯ್ದಿರಿಸಿಯೇ ಬರಬೇಕು.

ಏಪ್ರಿಲ್ ಮತ್ತು ಮೇ ತಿಂಗಳು ಟ್ಯೂಲಿಪ್ ಹೂವಿನ ಕಾಲ. ಹೂದೋಟ ನೋಡಲು ಬಂದವರೆಲ್ಲ ಇಲ್ಲಿಗೂ ಬರುವುದರಿಂದ ಆ ದಿನಗಳ ಟಿಕೆಟ್ ಬೇಗ ಮುಗಿಯುತ್ತದೆ, ಪ್ರಯಾಣದ ದಿನ ಖಚಿತವಾದೊಡನೆ ಕೊಳ್ಳುವುದೇ ಜಾಣತನ. ನನ್ನನ್ನು ಕೇಳಿದರೆ ಶುಕ್ರವಾರದ ಸಂಜೆಯೇ ಸರಿಯಾದ ಹೊತ್ತು. ಆ ದಿನ ಸಾಮಾನ್ಯವಾಗಿ ರಾತ್ರಿ 9ರವರೆಗೆ ತೆರೆದಿರುತ್ತದೆ (ಋತುವಿಗೆ ತಕ್ಕಂತೆ ವೇಳೆ ಬದಲಾಗುವುದುಂಟು), ಮತ್ತು ಊಟದ ಹೊತ್ತಿಗೆ ಪ್ರವಾಸಿ ಗುಂಪುಗಳು ಚದುರಿ ಕೋಣೆಗಳು ಉಸಿರಾಡತೊಡಗುತ್ತವೆ. ನಡುಹಗಲಿನ ಸಮಯವನ್ನು ಆರಿಸಿಕೊಳ್ಳದಿರುವುದು ಲೇಸು.

ಸೆಂಟ್ರಲ್ ನಿಲ್ದಾಣದಿಂದ 2 ಅಥವಾ 12ನೇ ಟ್ರಾಮ್, ವಿಮಾನ ನಿಲ್ದಾಣದಿಂದ 397ನೇ ಬಸ್ಸು ಇಲ್ಲಿಗೆ ತಲುಪಿಸುತ್ತವೆ. ಬೆನ್ನಿಗೆ ಹಾಕುವ ದೊಡ್ಡ ಚೀಲಗಳನ್ನು ಒಳಗೆ ಬಿಡುವುದಿಲ್ಲ.

ಒಳಗಿನ ಚಿತ್ರಗಳನ್ನು ಬಹುಮಟ್ಟಿಗೆ ಕಾಲಾನುಕ್ರಮದಲ್ಲಿ ಮಹಡಿಯಿಂದ ಮಹಡಿಗೆ ಏರುತ್ತ ಹೋಗುವಂತೆ ಜೋಡಿಸಿದ್ದಾರೆ. ಹೆಚ್ಚಿನವರು ‘ಸೂರ್ಯಕಾಂತಿ’ಯತ್ತ ದೌಡಾಯಿಸುವುದರಿಂದ 1885ರ ‘ಆಲೂಗಡ್ಡೆ ತಿನ್ನುವವರು’ ಚಿತ್ರದ ಮುಂದೆ ನಿಲ್ಲಲು ತುಸು ಜಾಗ ಸಿಗುತ್ತದೆ, ಮತ್ತು ಬಹಳ ಹೊತ್ತು ನಿಲ್ಲಬೇಕಾದದ್ದು ಇಲ್ಲಿಯೇ. ತೂಗುದೀಪದ ಕೆಳಗೆ ಐದು ಮಂದಿ, ಮಣ್ಣಿನದೇ ಬಣ್ಣದ ಮುಖಗಳು, ಗಂಟುಗಂಟಾದ ಬೆರಳುಗಳು. ತಟ್ಟೆಗೆ ಚಾಚಿದ ಈ ಕೈಗಳೇ ನೆಲವನ್ನೂ ಅಗೆದಿವೆ ಎಂಬುದು ಕಾಣಬೇಕೆಂದು ವ್ಯಾನ್ ಗೋ ತಮ್ಮ ಥಿಯೋಗೆ ಬರೆದಿದ್ದ. ಮುದ್ರಿತ ಪ್ರತಿಗಳಲ್ಲಿ ಬರೀ ಕಪ್ಪಾಗಿ ಕಾಣುವ ಆ ಕತ್ತಲಲ್ಲಿ ಹಸಿರು, ನೀಲಿಗಳಿರುವುದು ಎದುರಿಗೆ ನಿಂತಾಗಲೇ ಗೊತ್ತಾಗುವುದು.

1888ರ ‘ಮಲಗುವ ಕೋಣೆ’ಯ ಗೋಡೆಗಳು ಇಂದು ತಿಳಿನೀಲಿ. ಅವು ಮೊದಲು ನೇರಳೆಯಾಗಿದ್ದವು. ಬಣ್ಣದಲ್ಲಿ ಬೆರೆತಿದ್ದ ಕೆಂಪು ಬೆಳಕಿಗೆ ಮಾಸಿಹೋಗಿ ನೀಲಿ ಮಾತ್ರ ಉಳಿದಿದೆ. 1889ರ ‘ಸೂರ್ಯಕಾಂತಿ’ಯ ಎದುರು ಜನ ದಟ್ಟವಾಗಿದ್ದರೂ ಚಿತ್ರದ ಮೇಲಂಚನ್ನು ಗಮನಿಸಬೇಕು. ತುದಿಯ ಹೂವಿಗೆ ಜಾಗ ಸಾಲದೆ ಚಿತ್ರಕಾರನೇ ಒಂದು ಮರದ ಪಟ್ಟಿಯನ್ನು ಸೇರಿಸಿ ಅದರ ಮೇಲೂ ಬಣ್ಣ ಹಚ್ಚಿದ್ದಾನೆ. ಚಿತ್ರದ ಸ್ಥಿತಿಯ ತಪಾಸಣೆಯ ನಂತರ, ಇನ್ನು ಮುಂದೆ ಈ ಚಿತ್ರವನ್ನು ಬೇರೆಡೆಯ ಪ್ರದರ್ಶನಗಳಿಗೆ ಕಳುಹಿಸುವುದಿಲ್ಲವೆಂದು ಮ್ಯೂಸಿಯಂ 2019ರಲ್ಲಿ ತೀರ್ಮಾನಿಸಿತು, ಹಾಗಾಗಿ ಇದನ್ನು ನೋಡಬೇಕೆಂದರೆ ಇಲ್ಲಿಗೇ ಬರಬೇಕು.

ದಣಿದವರು ಮೇಲಿನ ಮಹಡಿಯನ್ನು ಬಿಟ್ಟುಬಿಡುವುದುಂಟು. ಅದು ದೊಡ್ಡ ನಷ್ಟ, ಏಕೆಂದರೆ ಕೊನೆಯ ದಿನಗಳ ಕೃತಿಗಳೂ, 1890ರಲ್ಲಿ ಥಿಯೋಗೆ ಮಗ ಹುಟ್ಟಿದ ಸಂತೋಷಕ್ಕೆ ಬರೆದ ‘ಬಾದಾಮಿ ಹೂ’ವೂ ಇರುವುದು ಅಲ್ಲಿ. ಆ ವರ್ಷದ ಜುಲೈನಲ್ಲಿ ವಿನ್ಸೆಂಟ್, ಮರುವರ್ಷದ ಜನವರಿಯಲ್ಲಿ ಥಿಯೋ ತೀರಿಕೊಂಡ ಮೇಲೆ ಕೈಗೂಸಿನೊಂದಿಗೆ ಉಳಿದ ಥಿಯೋನ ಹೆಂಡತಿ ಯೋ ಬೊಂಗರ್ ಚಿತ್ರಗಳನ್ನು ಕಾಪಾಡಿದಳು, ಪ್ರದರ್ಶನಗಳನ್ನು ಏರ್ಪಡಿಸಿದಳು, 1914ರಲ್ಲಿ ಸಹೋದರರ ಪತ್ರಗಳನ್ನು ಪ್ರಕಟಿಸಿದಳು. ಆ ಕೂಸೇ ಮುಂದೆ ಎಂಜಿನಿಯರಾಗಿ, ದೊಡ್ಡಪ್ಪನ ಕೃತಿಗಳು ಚದುರಿಹೋಗದಂತೆ ವಿನ್ಸೆಂಟ್ ವ್ಯಾನ್ ಗೋ ಪ್ರತಿಷ್ಠಾನಕ್ಕೆ ಒಪ್ಪಿಸಿದ. 1973ರಲ್ಲಿ ಈ ಮ್ಯೂಸಿಯಂ ತೆರೆಯಿತು. ಇನ್ನೂರಕ್ಕೂ ಹೆಚ್ಚು ವರ್ಣಚಿತ್ರಗಳು ಒಂದೇ ಸೂರಿನಡಿ ಉಳಿದಿರುವುದಕ್ಕೆ ಕಾರಣ ಮುಖ್ಯವಾಗಿ ಆ ಮನೆತನವೇ. ಈ ಕಥೆ ತಿಳಿದು ನೋಡಿದಾಗ ನೀಲಿಯ ಮೇಲೆ ಹರಡಿದ ಆ ಬಿಳಿ ಬಾದಾಮಿ ಹೂಗಳು ಬೇರೆಯೇ ಆಗಿ ಕಾಣುತ್ತವೆ.

‘ನಕ್ಷತ್ರಭರಿತ ರಾತ್ರಿ’ಯನ್ನು ಹುಡುಕಿಕೊಂಡು ಬಂದವರಿಗೆ ಮಾತ್ರ ನಿರಾಸೆಯಾದೀತು, ಆ ಚಿತ್ರವಿರುವುದು ನ್ಯೂಯಾರ್ಕಿನಲ್ಲಿ. ಕೂಗಳತೆಯಲ್ಲಿರುವ, ರೆಂಬ್ರಾಂಟನ ಚಿತ್ರಗಳಿರುವ ರೈಕ್ಸ್‌ಮ್ಯೂಸಿಯಂ ಅನ್ನೂ ಅದೇ ದಿನ ಮುಗಿಸುವ ಆಸೆ ಸಹಜವಾದರೂ, ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ರೆಂಬ್ರಾಂಟನಿಗೂ ನ್ಯಾಯ ಸಲ್ಲದು, ವ್ಯಾನ್ ಗೋಗೂ ಸಲ್ಲದು. ಒಂದು ದಿನ ಹೆಚ್ಚಿಗೆ ಇರುವವರು ಒಟರ್ಲೋ ಹಳ್ಳಿಯ ಕ್ರೋಲರ್-ಮ್ಯೂಲರ್ ಮ್ಯೂಸಿಯಂಗೆ ಹೋಗಬಹುದು. ವ್ಯಾನ್ ಗೋನ ಚಿತ್ರಗಳ ಎರಡನೆಯ ಅತಿದೊಡ್ಡ ಸಂಗ್ರಹವಿರುವುದು ಅಲ್ಲಿ, ರಾತ್ರಿಯ ಕೆಫೆ ಜಗುಲಿಯ ಆ ಹಳದಿ ಬೆಳಕಿನ ಚಿತ್ರವೂ ಅಲ್ಲಿಯದೇ. ಅದು ರಾಷ್ಟ್ರೀಯ ಉದ್ಯಾನದ ನಡುವೆ ಇರುವುದರಿಂದ ಉದ್ಯಾನಕ್ಕೊಂದು, ಮ್ಯೂಸಿಯಂಗೊಂದು ಎಂದು ಎರಡು ಟಿಕೆಟ್ ಬೇಕು, ಮತ್ತು ಸೋಮವಾರ ಅದಕ್ಕೆ ಸಾಮಾನ್ಯವಾಗಿ ರಜೆ.