ಬೆಳಕಿನ ಚಿಕಿತ್ಸೆಯಲ್ಲಿರುವ ಶಿಶುವಿನ ಕಾಮಾಲೆ: ಚರ್ಮದ ಮಾಪಕವೋ, ರಕ್ತ ಪರೀಕ್ಷೆಯೋ?

ಹಣೆಗೋ ಎದೆಗೋ ಒತ್ತಿ ಬಿಲಿರುಬಿನ್ (ಕಾಮಾಲೆಯಲ್ಲಿ ಮೈಯನ್ನು ಹಳದಿಯಾಗಿಸುವ ವಸ್ತು) ಅಂದಾಜಿಸುವ ಮಾಪಕವು ಸೂಜಿಯ ನೋವಿಲ್ಲದೆ ಅಂಕಿ ತೋರಿಸುವುದರಿಂದ, ಚಿಕಿತ್ಸೆಗೆ ಮುನ್ನ ಯಾವ ಶಿಶುವಿಗೆ ರಕ್ತ ಪರೀಕ್ಷೆ ಬೇಕೆಂದು ಗುರುತಿಸಲು ಬಹಳ ಉಪಯುಕ್ತವಾಗಿದೆ. ಆದರೆ ಚಿಕಿತ್ಸೆಯ ನೀಲಿ ಬೆಳಕು ಚರ್ಮದಲ್ಲಿರುವ ಬಿಲಿರುಬಿನ್ನನ್ನು ಬೇಗ ಬದಲಾಯಿಸುವುದರಿಂದ, ರಕ್ತದಲ್ಲಿ ಪ್ರಮಾಣ ಇನ್ನೂ ಹೆಚ್ಚಿರುವಾಗಲೇ ಮೈಬಣ್ಣ ತಿಳಿಯಾಗಿ, ಮಾಪಕವೂ ತಾಯಿಯ ಕಣ್ಣೂ ಮೋಸಹೋಗುತ್ತವೆ. ಹಣೆಯ ಒಂದು ಭಾಗವನ್ನು ಬೆಳಕು ತಾಗದಂತೆ ಮುಚ್ಚಿ ಅಲ್ಲಿ ಅಳೆದರೆ ತಪ್ಪು ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ಆದ್ದರಿಂದ ಮಗು ದೀಪದಡಿ ಇರುವಷ್ಟು ಕಾಲ, ಹಿಮ್ಮಡಿ ಚುಚ್ಚುವುದು ಎಷ್ಟೇ ಸಂಕಟವೆನಿಸಿದರೂ, ರಕ್ತ ಪರೀಕ್ಷೆಯನ್ನೇ ನೆಚ್ಚಬೇಕು. ರಕ್ತದ ಮಾದರಿಯೂ ಬೆಳಕಿಗೆ ಕೆಡುವುದರಿಂದ, ತೆಗೆಯುವಾಗ ದೀಪವನ್ನು ಆರಿಸಿ, ಕೊಳವೆಯನ್ನು ಮರೆಮಾಡಿ ಕಳುಹಿಸಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2022ರ ಮಾರ್ಗಸೂಚಿಯಂತೆ, ಚಿಕಿತ್ಸೆ ನಿಲ್ಲಿಸಿ ಕನಿಷ್ಠ 24 ಗಂಟೆ ಕಳೆದ ಮೇಲೆ ಮಾಪಕವನ್ನು ಮತ್ತೆ ಬಳಸಬಹುದು.